ನಾಲ್ಕನೆಯ ಕೋಷ್ಟಕ

ಸೋಮವಾರ ಮಧ್ಯಾಹ್ನ ಸರಿಯಾಗಿ ಹನ್ನೆರಡು ಗಂಟೆಗೆ ಓಡೀಲ್ ಶ್ಟೋಲ್ ವರದಿಯನ್ನು ಇಪ್ಪತ್ತೆಂಟು ಸರ್ಕಾರಗಳಿಗೆ ಕಳಿಸಿದಳು. ಅಲ್ಲಿಂದ ಶುಕ್ರವಾರ ಮಧ್ಯಾಹ್ನ ಹನ್ನೆರಡರವರೆಗೆ ಮೌನದ ಗಡುವು. ಅಷ್ಟರೊಳಗೆ ಯಾವ ಸರ್ಕಾರವೂ ತುಟಿ ಬಿಚ್ಚದಿದ್ದರೆ ಎಲ್ಲರೂ ಒಪ್ಪಿದ ಲೆಕ್ಕ. ಒಂದೇ ಒಂದು ಸರ್ಕಾರ ‘ತಡೆಯಿರಿ’ ಎಂದು ಬರೆದರೂ ಇಡೀ ವರದಿ ಮತ್ತೆ ತೆರೆದುಕೊಳ್ಳುತ್ತದೆ. ಸ್ಟ್ರಾಸ್‌ಬರ್ಗಿನ ಆ ಕಚೇರಿಯಲ್ಲಿ ಇಪ್ಪತ್ತೊಂಬತ್ತು ಸರ್ಕಾರಗಳು ಕೂಡಿ ಆಟೋಟಗಳ ಬಗ್ಗೆ ತೀರ್ಮಾನ ಮಾಡುವುದು ಹೀಗೆ. ಕೈ ಎತ್ತಿ ಮತ ಹಾಕಿದರೆ ಯಾರು ಯಾರ ಕಡೆ ಎಂಬುದು ಬಯಲಾಗುತ್ತದಲ್ಲ! ಸುಮ್ಮನಿದ್ದರೆ ಯಾರ ಕೈಗೂ ಮಸಿ ಅಂಟುವುದಿಲ್ಲ.

ಇಪ್ಪತ್ತೊಂಬತ್ತನೆಯ ಸರ್ಕಾರಕ್ಕೆ, ಅಂದರೆ ವರದಿ ಯಾರ ಮೇಲಿದೆಯೋ ಅವರಿಗೆ, ಗಡುವು ಮುಗಿದ ಮೇಲೆ ಪ್ರತಿ ಹೋಗುತ್ತದೆ. ಆ ದೇಶದ ಹೆಸರು ಇಲ್ಲಿ ಬೇಡ. ವರದಿಯ ಒಳಪುಟಗಳಲ್ಲೂ ಅದು ಬರೀ ‘ಆತಿಥೇಯ ದೇಶ’. ಜೂನ್ ತಿಂಗಳಲ್ಲಿ ನಾಲ್ಕು ಸರ್ಕಾರಗಳ ನಾಲ್ವರು ಅಧಿಕಾರಿಗಳು ಅಲ್ಲಿಗೆ ಹೋಗಿ, ಫುಟ್‌ಬಾಲ್ ಪಂದ್ಯಗಳನ್ನು ಮೊದಲೇ ಮಾರಿಕೊಳ್ಳುವ ದಂಧೆಯ ಬಗ್ಗೆ ಹತ್ತು ದಿನ ವಿಚಾರಿಸಿ ಬಂದಿದ್ದರು. ಓಡೀಲ್ ಅವರ ಕಾರ್ಯದರ್ಶಿ. ಇಪ್ಪತ್ತೇಳು ವರ್ಷಗಳಿಂದ ಇದೇ ಅವಳ ಕೆಲಸ. ದೊಡ್ಡವರು ಊಟ ಮಾಡುತ್ತಾರೆ, ಅವಳು ಬರೆಯುತ್ತಾಳೆ.

ಗುರುವಾರ ಬೆಳಿಗ್ಗೆ ಹತ್ತಕ್ಕೆ ಫೋನು ಬಂತು. ಆತಿಥೇಯ ದೇಶದ ಪ್ರತಿನಿಧಿ ತಿಹೋಮಿರ್. ಕ್ರೀಡಾ ಮಂತ್ರಿಯ ಬಲಗೈ, ಸಭೆಗೆ ಬಂದಾಗಲೆಲ್ಲ ಎಲ್ಲರಿಗೂ ಮಿಠಾಯಿ ಡಬ್ಬ ತರುವ ಮನುಷ್ಯ.

“ಓಡೀಲ್ ಮೇಡಂ, ಹೇಗಿದ್ದೀರಾ? ನಿಮ್ಮ ತೋಟದ ಪ್ಲಮ್ ಹಣ್ಣಾಯ್ತಾ?”

“ಆಯ್ತು, ಅರ್ಧ ಹಕ್ಕಿಗಳ ಪಾಲು.”

“ಪಾಪ, ಅವೂ ಬದುಕ್ಬೇಕಲ್ಲ.” ಅವನು ನಕ್ಕ. “ವರದಿ ನಾಳೆ ನಮ್ಮ ಕೈಗೆ ಬರುತ್ತೆ ತಾನೇ? ನಾನೇನೂ ಇಣುಕೋಕೆ ಬರಲ್ಲ ಮೇಡಂ, ನಿಯಮ ಅಂದ್ರೆ ನಿಯಮ. ಒಂದು ಸಣ್ಣ ಉಪಕಾರ ಅಷ್ಟೇ. ಶನಿವಾರ ನಮ್ಮ ಮಂತ್ರಿಗಳ ಭಾಷಣ ಇದೆ, ಕ್ರೀಡೆಯಲ್ಲಿ ಮಹಿಳೆಯರು ಅಂತ. ನಿಮ್ಮ ನಾಲ್ಕನೇ ಕೋಷ್ಟಕ ಒಂದನ್ನ ಮಾತ್ರ ಇವತ್ತೇ ಕಳಿಸಿಬಿಡಿ. ಅದರಲ್ಲಿ ಹೆಸರೇನೂ ಇರಲ್ವಲ್ಲ, ಬರೀ ಅಂಕಿ.”

ನಾಲ್ಕನೆಯ ಕೋಷ್ಟಕ ಎಂದರೆ ಓಡೀಲಳಿಗೆ ಹೆತ್ತ ಮಗುವಿದ್ದ ಹಾಗೆ. ಮೊದಲೆಲ್ಲ ತಂಡಗಳು ಹೋಗಿ ನಲವತ್ತು ಗಂಡಸರನ್ನು ಮಾತಾಡಿಸಿ, ಆ ದೇಶದ ಕ್ರೀಡೆಯನ್ನೆಲ್ಲ ಅರೆದು ಕುಡಿದವರಂತೆ ವರದಿ ಬರೆಯುತ್ತಿದ್ದವು. ಯಾರನ್ನು ಸಂದರ್ಶಿಸಿದಿರಿ, ಯಾವ ಊರಲ್ಲಿ, ಯಾವ ಕೆಲಸದವರು, ಅವರಲ್ಲಿ ಹೆಂಗಸರೆಷ್ಟು, ಗಂಡಸರೆಷ್ಟು ಎಂಬ ಪಟ್ಟಿ ಕಡ್ಡಾಯವಾಗಬೇಕೆಂದು ಹನ್ನೊಂದು ವರ್ಷಗಳ ಹಿಂದೆ ಅವಳು ಹಟ ಹಿಡಿದಾಗ ಸಭೆಯಲ್ಲಿ ಮುಸಿಮುಸಿ ನಗು ಎದ್ದಿತ್ತು. ಅವಳು ಸೊಪ್ಪು ಹಾಕಲಿಲ್ಲ. ಕೊನೆಗೂ ನಿಯಮ ಬಂತು. ಅಂದಿನಿಂದ ಈ ಕೋಷ್ಟಕವಿಲ್ಲದ ಒಂದು ವರದಿಯೂ ಅವಳ ಮೇಜು ದಾಟಿರಲಿಲ್ಲ.

“ಅದಕ್ಕೇನಂತೆ, ಕಳಿಸ್ತೀನಿ” ಎನ್ನುತ್ತಲೇ ಅವಳು ಆ ಪುಟ ತೆಗೆದಳು. ತೆಗೆದವಳ ಕಣ್ಣು ಒಂದು ಸಾಲಿನ ಮೇಲೆ ನಿಂತಿತು.

ಬಂದರು ಪಟ್ಟಣ. ರೆಫರಿಗಳು. ಹೆಂಗಸರು: ಒಂದು. ಗಂಡಸರು: ಸೊನ್ನೆ.

ವರದಿಯ ನಲವತ್ತೊಂದನೆಯ ಪ್ಯಾರಾ ಅವಳಿಗೆ ಬಾಯಿಪಾಠವಾಗಿತ್ತು. ಬಂದರು ಪಟ್ಟಣದ ರೆಫರಿಯೊಬ್ಬರು ತಿಳಿಸಿದ್ದೇನೆಂದರೆ, ಪಂದ್ಯಕ್ಕೆ ಮುಂಚೆ ಇಬ್ಬರು ಅವರ ಕೋಣೆಗೆ ಬಂದು ಎಷ್ಟನೆಯ ನಿಮಿಷಕ್ಕೆ ಪೆನಾಲ್ಟಿ ಕೊಡಬೇಕೆಂದು ಹೇಳಿ ಹೋದರು. ಆ ಇಬ್ಬರೂ ಕ್ರೀಡಾ ಮಂತ್ರಿಯ ಖಾಸಗಿ ಕಚೇರಿಯವರು. ಹೆಸರಿಲ್ಲ, ವಯಸ್ಸಿಲ್ಲ, ಹೆಣ್ಣೋ ಗಂಡೋ ಎಂಬುದೂ ಇಲ್ಲ, ಎಲ್ಲವನ್ನೂ ಅವಳೇ ಉಜ್ಜಿ ಉಜ್ಜಿ ಅಳಿಸಿದ್ದಳು. ಆಮೇಲೆ ಅದೇ ಕೈಯಿಂದ, ಅದೇ ದಿನ, ಹೆಮ್ಮೆಯಿಂದ ಕೋಷ್ಟಕ ತುಂಬಿದ್ದಳು.

“ಮೇಡಂ? ಇದ್ದೀರಾ?”

“ಇದ್ದೀನಿ. ಈಗ ಕಳಿಸೋಕೆ ಬರಲ್ಲ ತಿಹೋಮಿರ್. ಗಡುವು ಮುಗಿಯೋವರೆಗೆ ಒಂದು ಪುಟವೂ ಹೊರಗೆ ಹೋಗೋ ಹಾಗಿಲ್ಲ.”

“ಓ, ಹಾಗಾ? ಸರಿ ಬಿಡಿ, ನಾಳೆ ನೋಡಿದ್ರಾಯ್ತು.”

ಫೋನಿಟ್ಟ ಮೇಲೆ ಓಡೀಲಳ ಕಣ್ಣಿಗೆ ಕಟ್ಟಿದ್ದು ಒಂದು ಶಾಲೆಯ ವ್ಯಾಯಾಮದ ಕೋಣೆ, ಹಳೇ ಚಾಪೆಗಳ ವಾಸನೆ, ಬೆಂಚಿನ ತುದಿಯಲ್ಲಿ ಕೂತ ಇಪ್ಪತ್ತಾರರ ನೆವೆನಾ. ವಾರವೆಲ್ಲ ಮಕ್ಕಳಿಗೆ ವ್ಯಾಯಾಮ ಕಲಿಸುತ್ತಾಳೆ, ಭಾನುವಾರ ಗಂಡಸರ ಪಂದ್ಯಕ್ಕೆ ಸೀಟಿ ಊದುತ್ತಾಳೆ. ಬೇಸಿಗೆ ರಜೆಯಲ್ಲಿ ಹೋಟೆಲುಗಳಲ್ಲಿ ದುಡಿದು ಕಲಿತ ಮುರುಕು ಜರ್ಮನ್‌ನಲ್ಲಿ, ದುಭಾಷಿಯನ್ನೂ ಹೊರಗೆ ಕಳಿಸಿ, ಎಲ್ಲವನ್ನೂ ಹೇಳಿದ್ದಳು. ಅಮ್ಮ ಮಾಡಿದ ಆಕ್ರೋಟಿನ ಸಿಹಿಯನ್ನು ಎಲ್ಲರಿಗೂ ಹಂಚಿದಳು. ತಾನು ಒಂದು ಚೂರೂ ಮುಟ್ಟಲಿಲ್ಲ.

“ನಮ್ಮಲ್ಲಿ ದೊಡ್ಡವರಿಗೆ ಸಿಟ್ಟು ಬಂದ್ರೆ ಬೈಯಲ್ಲ ಮೇಡಂ, ಸನ್ಮಾನ ಮಾಡ್ತಾರೆ” ಎಂದಿದ್ದಳು. “ಲಾಜರ್ ಅಂತ ಒಬ್ಬ ರೆಫರಿ ಇದ್ದ. ಪತ್ರಿಕೆಯವರ ಹತ್ರ ಬಾಯಿ ಬಿಟ್ಟ. ರಾಜಧಾನಿಗೆ ಕರೆಸಿ, ಹೆಗಲಿಗೆ ಕೋಟು ಹೊದಿಸಿ, ಗಾಜಿನ ಚೆಂಡು ಕೊಟ್ಟು ಫೋಟೋ ತೆಗೆಸಿದ್ರು. ವಾಪಸ್ ಬರೋವಾಗ ಘಾಟಿಯಲ್ಲಿ ಕಾರು ಕೆಳಗೆ ಹೋಯ್ತು. ಗಾಜಿನ ಚೆಂಡು ಮಾತ್ರ ಒಡೀಲಿಲ್ಲ. ಅವನ ಹೆಂಡತಿ ಇನ್ನೂ ಅದನ್ನ ಶೋಕೇಸಲ್ಲೇ ಇಟ್ಟಿದ್ದಾಳೆ. ತೆಗೆದ್ರೆ ಯಾಕೆ ತೆಗೆದೆ ಅಂತ ಕೇಳೋಕೆ ಬರ್ತಾರಲ್ಲ.”

“ನಿನ್ನ ಹೆಸರು ಎಲ್ಲೂ ಬರಲ್ಲ. ಇದು ನನ್ನ ಮಾತು” ಎಂದು ಓಡೀಲ್ ಹೇಳಿದ್ದಳು.

“ನೀವಾಗಿ ಫೋನ್ ಮಾತ್ರ ಮಾಡ್ಬೇಡಿ. ಇದು ಫೆಡರೇಶನ್ ಕೊಟ್ಟಿರೋ ಫೋನು. ನಮ್ಮ ಮಾತು ನಮಗಿಂತ ಮೊದಲು ಅವರಿಗೆ ಕೇಳುತ್ತೆ.”

ಓಡೀಲ್ ಕಾಗದ ಕೈಯಲ್ಲಿ ಹಿಡಿದು ಮುಖ್ಯಸ್ಥನ ಕೋಣೆಗೆ ನಡೆದಳು. ತೊರ್ಸೆನ್ ಡೆನ್ಮಾರ್ಕಿನವನು, ಅವಳಿಗಿಂತ ಹದಿನೈದು ವರ್ಷ ಚಿಕ್ಕವನು, ಕೆಟ್ಟವನಲ್ಲ. ಕೆಟ್ಟವನಾಗಿದ್ದರೆ ಜಗಳವಾದರೂ ಆಡಬಹುದಿತ್ತು. ಅವನು ಸೈಕಲ್ ಹೆಲ್ಮೆಟ್ಟನ್ನು ಪಕ್ಕಕ್ಕೆ ಸರಿಸಿ ಕಾಗದವನ್ನು ಎರಡು ಸಲ ಓದಿದ.

“ಹೆಸರಿಲ್ಲವಲ್ಲ ಓಡೀಲ್.”

“ಹೆಸರು ಯಾಕೆ ಬೇಕು? ಆ ದೇಶದಲ್ಲಿ ಹೆಂಗಸು ರೆಫರಿಗಳೇ ಇಬ್ಬರು. ಬಂದರಿನಲ್ಲಿರೋಳು ಒಬ್ಬಳೇ. ಒಂದು ಅಂತ ಬರೆದು ಕೂತಿದ್ದೀನಿ, ನನ್ನ ಕೈಗೆ ಬೆಂಕಿ ಬೀಳ!”

“ಗಡುವು ಶುರುವಾದ ಮೇಲೆ ಕಚೇರಿ ಒಂದು ಅಕ್ಷರವನ್ನೂ ಮುಟ್ಟೋ ಹಾಗಿಲ್ಲ. ಈ ಪಾಠ ನನಗೆ ಯಾರು ಹೇಳಿಕೊಟ್ಟಿದ್ದು?”

“ನಾನೇ.”

“ನಾವು ಒಂದು ಸಲ ಮುಟ್ಟಿದ್ರೆ ನಾಳೆಯಿಂದ ಪ್ರತಿಯೊಂದು ಸರ್ಕಾರವೂ ಮುಟ್ಟುತ್ತೆ. ಆಮೇಲೆ ಈ ವರದಿಗಳಿಗೆ ಬೆಲೆ ಎಲ್ಲಿ?” ಅವನ ದನಿಯಲ್ಲಿ ನಿಜಕ್ಕೂ ನೋವಿತ್ತು. “ಕಾನೂನು ವಿಭಾಗಕ್ಕೆ ಬರೀರಿ. ತುರ್ತು ಅಂತ ಹಾಕಿ. ಸೋಮವಾರ ಉತ್ತರ ಬಂದೇ ಬರುತ್ತೆ.”

“ಸೋಮವಾರ!”

“ಇಲ್ಲ ಅಂದ್ರೆ ಯಾವುದಾದ್ರೂ ಸರ್ಕಾರ ತಡೆ ಹಾಕಲಿ. ಆಗ ನಾನೇ ಖುದ್ದಾಗಿ ಕೂತು ತಿದ್ದಿಸ್ತೀನಿ.”

ಅದಕ್ಕೂ ಒಂದು ತೊಡಕಿತ್ತು. ತಡೆ ಹಾಕಿದವರು ಕಾರಣ ಬರೆಯಬೇಕು. ಆ ಕಾರಣ ಆತಿಥೇಯ ದೇಶವೂ ಸೇರಿ ಇಪ್ಪತ್ತೊಂಬತ್ತು ಮಂದಿಗೂ ಹೋಗುತ್ತದೆ. ಕೋಷ್ಟಕದ ಮೇಲೆ ತಡೆ ಹಾಕಿದರೆ ತಿಹೋಮಿರನ ಕೈ ಹಿಡಿದು ಆ ಸಾಲಿನ ಮೇಲೆ ಬೆರಳಿಟ್ಟು ತೋರಿಸಿದಂತೆಯೇ. ಬೇರೆ ಯಾವುದೋ ಕೆಲಸಕ್ಕೆ ಬಾರದ ಕಾರಣ ಬೇಕಿತ್ತು.

ಮಧ್ಯಾಹ್ನ ಕ್ಯಾಂಟೀನಿನಲ್ಲಿ ಸ್ಪೀರೋ ಸಿಕ್ಕಿದ. ಒಂದು ಪುಟ್ಟ ದ್ವೀಪದೇಶದ ಪ್ರತಿನಿಧಿ, ಒಂಬತ್ತು ವರ್ಷಗಳಿಂದ ಇದೇ ಊರಿನಲ್ಲಿದ್ದಾನೆ. ಅವನ ಹೆಂಡತಿ ಕಾಯಿಲೆ ಬಿದ್ದಾಗ ಎರಡು ತಿಂಗಳು ಅವನ ಮನೆಗೆ ಸಾರು ಹೊತ್ತವಳು ಓಡೀಲ್.

“ಏನು ಮಹಾರಾಣಿ, ಮುಖ ಹುಳಿ ಎಲೆಕೋಸಿನ ಹಾಗಾಗಿದೆ?”

“ಸ್ಪೀರೋ, ನಂಗೊಂದು ಉಪಕಾರ ಆಗ್ಬೇಕು. ನಾಳೆ ಹನ್ನೆರಡರೊಳಗೆ ನಿಮ್ಮ ದೇಶ ಮೌನ ಮುರೀಬೇಕು. ಹನ್ನೆರಡನೇ ಪ್ಯಾರಾ ಮೇಲೆ.”

ಅವನು ಫೋನಿನಲ್ಲಿ ಹುಡುಕಿ ಓದಿದ. ಓದಿ ಗಹಗಹಿಸಿದ. “ಕ್ರೀಡಾಂಗಣದ ಉತ್ತರ ದ್ವಾರದ ಶೌಚಾಲಯಗಳ ಸಂಖ್ಯೆ! ಶೌಚಾಲಯಕ್ಕೋಸ್ಕರ ಇಡೀ ಯುರೋಪನ್ನ ನಿಲ್ಲಿಸಿದ ಮಹಾನುಭಾವ ಅಂತ ನನ್ನ ಗೋರಿ ಮೇಲೆ ಬರೆಸ್ತಾರೆ.”

“ಬರೆಸ್ಲಿ.”

ಅವನ ನಗು ನಿಂತಿತು. ಅವಳ ಮುಖವನ್ನು ಒಂದು ಗಳಿಗೆ ನೋಡಿದ. “ಯಾರಿಗಾದ್ರೂ ತೊಂದರೆ ಆಗುತ್ತಾ?”

“ಆಗುತ್ತೆ. ಯಾರು, ಏನು ಅಂತ ಕೇಳ್ಬೇಡಿ.”

“ಕೇಳಲ್ಲ. ಊರಿಂದ ಒಂದು ‘ಹೂಂ’ ಬೇಕು, ಅಷ್ಟೇ. ಶೌಚಾಲಯಕ್ಕೆ ಯಾರು ಬೇಡ ಅಂತಾರೆ? ನಿಶ್ಚಿಂತೆಯಿಂದ ಊಟ ಮಾಡಿ.”

ಅವಳು ತಟ್ಟೆಯನ್ನು ಪಕ್ಕಕ್ಕೆ ಸರಿಸಿದಳು. ಆದರೂ ಅವನನ್ನು ನಂಬಿದಳು. ಬೇರೆ ದಾರಿ ಇರಲಿಲ್ಲ.

ಶುಕ್ರವಾರ ಬೆಳಿಗ್ಗೆ ಎಂಟಕ್ಕೇ ಬಂದು ಕೂತಳು. ಒಂಬತ್ತಾಯಿತು, ಹತ್ತಾಯಿತು. ಕಿಟಕಿಯಾಚೆ ಟ್ರಾಮುಗಳು ಬಂದು ಹೋಗುತ್ತಿದ್ದವು. ಪ್ರತಿನಿಧಿಗಳು ಚಕ್ರದ ಪೆಟ್ಟಿಗೆ ಎಳೆದುಕೊಂಡು ಮಧ್ಯಾಹ್ನದ ರೈಲಿಗೆ ಹೊರಟಿದ್ದರು. ಶುಕ್ರವಾರ ಆ ಕಟ್ಟಡ ಹನ್ನೊಂದಕ್ಕೇ ಖಾಲಿಯಾಗುತ್ತದೆ. ಕಂಪ್ಯೂಟರಿನಲ್ಲಿ ಒಂದು ಪತ್ರವೂ ಇಲ್ಲ. ಇಪ್ಪತ್ತೆಂಟು ಸರ್ಕಾರಗಳು ಬಾಯಿಗೆ ಬೀಗ ಹಾಕಿಕೊಂಡು ಕೂತಿದ್ದವು. ಎಷ್ಟೋ ವರ್ಷ ಅವಳು ಇದನ್ನೇ ಯಶಸ್ಸು ಎಂದುಕೊಂಡಿದ್ದಳು.

ಹನ್ನೊಂದು ನಲವತ್ತಕ್ಕೆ ಸ್ಪೀರೋ ಫೋನು ಮಾಡಿದ. ‘ಮಹಾರಾಣಿ’ ಎನ್ನಲಿಲ್ಲ. ಅಷ್ಟರಲ್ಲೇ ಅವಳಿಗೆ ಗೊತ್ತಾಯಿತು.

“ಆಗಲ್ಲ ಓಡೀಲ್. ಸಣ್ಣ ದೇಶಗಳ ಕ್ರೀಡಾಕೂಟ ಮುಂದಿನ ಸಲ ನಮ್ಮಲ್ಲಿ ಆಗ್ಬೇಕು ಅಂತ ನಮ್ಮವರು ಓಡಾಡ್ತಿದ್ದಾರೆ. ಅದಕ್ಕೆ ಆ ಆತಿಥೇಯ ದೇಶದ ಓಟು ಬೇಕು. ಈಗ ಹೋಗಿ ಅವರ ಶೌಚಾಲಯದಲ್ಲಿ ಮೂಗು ತೂರಿಸ್ಬೇಡ ಅಂದ್ರು.”

“ಸ್ಪೀರೋ, ಒಂದು ಜೀವದ ಪ್ರಶ್ನೆ ಇದು.”

“ನಾನು ಹಾಗೆ ಹೇಳೋಕೆ ಆಗುತ್ತಾ? ಹೇಳಿದ್ರೆ ಯಾರ ಜೀವ ಅಂತ ಕೇಳ್ತಾರೆ.” ಅವನ ದನಿ ಕುಗ್ಗಿತ್ತು. “ನಂಗೆ ನಾಚಿಕೆ ಆಗ್ತಿದೆ. ಕ್ಷಮಿಸಿ.”

ಹನ್ನೊಂದು ಐವತ್ತೆರಡು. ಹನ್ನೆರಡಕ್ಕೆ ಅವಳೇ ಗುಂಡಿ ಒತ್ತಬೇಕು, ವರದಿ ತಿಹೋಮಿರನಿಗೂ ಹೋಗುತ್ತದೆ, ಊರಿಗೆಲ್ಲ ಕಾಣುವ ಹಾಗೆ ಪ್ರಕಟವೂ ಆಗುತ್ತದೆ. ಅವಳು ಕಡತ ತೆರೆದು ನಾಲ್ಕನೆಯ ಕೋಷ್ಟಕವನ್ನು ಅಳಿಸಿಹಾಕಿದಳು. ಐದನೆಯದಕ್ಕೆ ನಾಲ್ಕು ಎಂದಳು, ಆರನೆಯದಕ್ಕೆ ಐದು. ಇಪ್ಪತ್ತೇಳು ವರ್ಷಗಳಲ್ಲಿ ಮೊದಲ ಸಲ ತಾನೇ ಕಲಿಸಿದ ನಿಯಮವನ್ನು ಮುರಿದಳು. ಮೂವತ್ತು ನಿಮಿಷದ ಕೆಲಸವನ್ನು ಏಳು ನಿಮಿಷದಲ್ಲಿ ಮುಗಿಸಿ, ಹನ್ನೆರಡು ಹೊಡೆಯುವಾಗ ವರದಿ ಕಳಿಸಿದಳು. ಇಪ್ಪತ್ತೆಂಟು ಸರ್ಕಾರಗಳಲ್ಲಿ ಒಂದಾದರೂ ಹಳೆಯ ಪ್ರತಿಯನ್ನು ಪಕ್ಕದಲ್ಲಿಟ್ಟು ಓದುತ್ತದೆಂಬ ಭಯ ಅವಳಿಗಿರಲಿಲ್ಲ. ಅವರನ್ನು ಅವಳು ಬಲ್ಲಳು.

ಆಮೇಲೆ ಎದೆ ಹಗುರಾಯಿತು. ಕೆಲಸ ಹೋದರೆ ಹೋಗಲಿ, ಹುಡುಗಿ ಉಳಿದಳು. ನದಿಯ ಪಕ್ಕದ ಬೇಕರಿಯಲ್ಲಿ ಪ್ಲಮ್ ಹಣ್ಣಿನ ಟಾರ್ಟು ಕೊಂಡು, ನಿಂತುಕೊಂಡೇ ತಿಂದಳು. ಎರಡು ದಿನದ ಹಸಿವು ಒಮ್ಮೆಗೇ ಬಂದಂತಿತ್ತು. ಭಾನುವಾರ ನೆವೆನಾ ಎಂದಿನಂತೆ ಸೀಟಿ ಊದುತ್ತಾಳೆ ಎಂದುಕೊಂಡು ಇನ್ನೊಂದು ತುಂಡು ಕಟ್ಟಿಸಿಕೊಂಡಳು.

ನಾಲ್ಕು ಗಂಟೆಗೆ ಕಚೇರಿಯ ಮೇಜಿನ ಮೇಲೆ ಫೋನು.

“ಓಡೀಲ್ ಮೇಡಂ, ಓದಿದೆ. ಚೆನ್ನಾಗಿದೆ. ನಲವತ್ತೊಂದನೇ ಪ್ಯಾರಾ ಸ್ವಲ್ಪ ಖಾರವಾಯ್ತು, ಇರಲಿ, ನಮಗೂ ಖಾರ ಒಗ್ಗುತ್ತೆ.” ತಿಹೋಮಿರ್ ಕಾಫಿ ಕುಡಿಯುತ್ತಿದ್ದ, ಲೋಟ ಕೆಳಗಿಟ್ಟ ಸದ್ದು ಕೇಳಿಸಿತು. “ನಾಲ್ಕನೇ ಕೋಷ್ಟಕ ಎಲ್ಲಿ?”

“ಬಿಟ್ಟುಹೋಗಿರ್ಬೇಕು. ಅವಸರದಲ್ಲಿ.”

“ನಿಮಗೆ? ಬಿಟ್ಟುಹೋಯ್ತು?” ಅವನು ಮೆತ್ತಗೆ ನಕ್ಕ. “ಆರು ವರ್ಷದ ಹಿಂದೆ ನಾನೂ ಒಂದು ತಂಡದಲ್ಲಿದ್ದಾಗ ಬರೆದ ಕರಡಲ್ಲಿ ಅದು ಬಿಟ್ಟುಹೋಗಿತ್ತು, ನೆನಪಿದೆಯಾ? ಎಲ್ಲರೆದುರಿಗೆ ನನ್ನನ್ನ ನಿಲ್ಲಿಸಿ ಹೇಳಿದ್ರಿ, ತಿಹೋಮಿರ್, ಈ ಕೋಷ್ಟಕ ಬಿಟ್ಟವನು ಏನನ್ನೋ ಬಚ್ಚಿಡ್ತಿದ್ದಾನೆ ಅಂತ. ನಾನು ಮರೆತೇ ಇಲ್ಲ. ಒಳ್ಳೇ ಪಾಠ ಮೇಡಂ.”

ಓಡೀಲ್ ಮೇಜಿನ ಮೇಲಿದ್ದ ಹಳೆಯ ಪ್ರತಿಯನ್ನು ಮಗುಚಿ ಹಾಕಿದಳು.

“ನಿನ್ನೆ ಕೇಳಿದಾಗ ಮೊದಲು ಕೊಡ್ತೀನಿ ಅಂದ್ರಿ, ಆಮೇಲೆ ಕೊಡಲ್ಲ ಅಂದ್ರಿ. ಇವತ್ತು ನೋಡಿದ್ರೆ ಅದೇ ಇಲ್ಲ. ಬಚ್ಚಿಡುವಂಥದ್ದು ಏನಿರುತ್ತೆ ಅದರಲ್ಲಿ ಅಂತ ಯೋಚಿಸಿದೆ. ಹೆಂಗಸರು, ಗಂಡಸರು, ಅಷ್ಟೇ ತಾನೇ? ನಮ್ಮಲ್ಲಿ ಹೆಂಗಸು ರೆಫರಿಗಳು ಇಬ್ಬರು. ಒಬ್ಬಳು ಬಾಣಂತಿ, ಮಾರ್ಚಿಂದ ರಾಜಧಾನೀಲೇ ತವರಲ್ಲಿದ್ದಾಳೆ. ಇನ್ನೊಬ್ಬಳು ಬಂದರಿನ ಟೀಚರಮ್ಮ.”

“ತಿಹೋಮಿರ್, ನೀವು ತಪ್ಪು ತಿಳ್ಕೊಂಡಿದ್ದೀರಾ.”

“ಅಯ್ಯೋ, ಯಾಕೆ ಗಾಬರಿ? ಮಂತ್ರಿಗಳಿಗೆ ಬಹಳ ಖುಷಿಯಾಗಿದೆ. ಅಂಥ ಧೈರ್ಯದ ಹುಡುಗಿ ನಮ್ಮಲ್ಲಿದ್ದಾಳೆ ಅಂತ ನಮಗೇ ಗೊತ್ತಿರಲಿಲ್ಲ. ನಾಳೆ ಭಾಷಣದ ಸಭೇಲೇ ಅವಳಿಗೊಂದು ಸನ್ಮಾನ ಇಟ್ಕೊಂಡಿದ್ದೀವಿ.” ಪ್ಲಮ್ ಹಣ್ಣಿನ ಜಾಮ್ ಮಾಡುವಾಗ ತನ್ನನ್ನೂ ನೆನೆಯಬೇಕೆಂದು ಹೇಳಿ ಅವನು ಫೋನಿಟ್ಟ.

ಫೋನು ಮಾಡಬೇಡಿ ಎಂದಿದ್ದ ನಂಬರಿಗೆ ಓಡೀಲ್ ಫೋನು ಮಾಡಿದಳು. ಇನ್ನು ಮುಚ್ಚಿಡುವುದಕ್ಕೇನಿತ್ತು! ನಾಲ್ಕನೆಯ ರಿಂಗಿಗೆ ನೆವೆನಾ ಎತ್ತಿದಳು. ಹಿಂದೆ ಎಂಜಿನ್ನಿನ ಸದ್ದು, ರೇಡಿಯೋದ ಹಾಡು.

“ನೆವೆನಾ, ಎಲ್ಲಿದ್ದೀಯ?”

“ಕಾರಲ್ಲಿ, ಮೇಡಂ.” ದನಿ ಸ್ಪಷ್ಟವಾಗಿತ್ತು, ಮಕ್ಕಳಿಗೆ ಪಾಠ ಹೇಳುವ ಟೀಚರಿನ ದನಿ. “ಮಂತ್ರಿಗಳ ಕಚೇರಿಯಿಂದ ಇಬ್ಬರು ಬಂದಿದ್ದಾರೆ, ಶಾಲೆಗೇ ಬಂದ್ರು. ನಂಗೆ ಸನ್ಮಾನ ಅಂತೆ. ಬಹಳ ಮರ್ಯಾದೆಯಿಂದ ಕರ್ಕೊಂಡು ಹೋಗ್ತಿದ್ದಾರೆ. ನಂಗೆ ಇಬ್ಬರ ಮುಖಪರಿಚಯವೂ ಇದೆ.”

ಓಡೀಲಳಿಗೆ ಆ ಇಬ್ಬರು ಯಾರೆಂದು ಅರ್ಥವಾಯಿತು. “ಇಳಿದುಬಿಡು. ಏನಾದ್ರೂ ನೆಪ ಹೇಳಿ ಇಳಿ.”

“ಇಲ್ಲ ಮೇಡಂ, ಅಮ್ಮನಿಗೂ ಹೇಳಿಬಂದಿದ್ದಾರೆ. ಅವಳ ಔಷಧಿ ಖರ್ಚನ್ನೂ ಅವರೇ ನೋಡ್ಕೋತಾರಂತೆ. ನೀವು ನನ್ನ ಹೆಸರು ಬರೆಯಲ್ಲ ಅಂದಿದ್ರಿ. ಬರೆದಿಲ್ಲ ಅಲ್ವಾ?”

“ಬರೆದಿಲ್ಲ ಮಗೂ. ಎಲ್ಲೂ ಬರೆದಿಲ್ಲ.”

“ಗೊತ್ತಿತ್ತು. ಸುಮ್ನೆ ಕೇಳ್ದೆ. ಇಲ್ಲಿಂದ ಘಾಟಿ ಶುರು ಮೇಡಂ, ಸಿಗ್ನಲ್ ಇರಲ್ಲ.”

ಫೋನು ಕಡಿದುಹೋಯಿತು.

ಓಡೀಲ್ ಅಳಲಿಲ್ಲ. ಅಳುವುದಕ್ಕೆ ಹೊತ್ತಿರಲಿಲ್ಲ. ಕಾರ್ಯದರ್ಶಿಗೆ ಯಾವತ್ತೂ ಇರದ ಅಧಿಕಾರವನ್ನು ತಾನೇ ತೆಗೆದುಕೊಂಡು ಇಪ್ಪತ್ತೊಂಬತ್ತು ಸರ್ಕಾರಗಳಿಗೂ ಪತ್ರ ಬರೆದಳು. ಹೆಸರು ಬಚ್ಚಿಟ್ಟು ಕೊಂದದ್ದಾಯಿತು, ಕೂಗಿ ಹೇಳಿಯಾದರೂ ಉಳಿಸೋಣ ಎಂಬುದೊಂದೇ ಅವಳಿಗೆ ತೋಚಿತು. ನಮ್ಮ ಸಾಕ್ಷಿಯ ಹೆಸರು ನೆವೆನಾ. ಈ ಗಳಿಗೆಯಲ್ಲಿ ಅವಳು ಮಂತ್ರಿಯ ಕಚೇರಿಯ ಕಾರಿನಲ್ಲಿ, ಘಾಟಿ ರಸ್ತೆಯಲ್ಲಿದ್ದಾಳೆ. ಅವಳನ್ನು ಕೇಳಿದವರು ನಾವು, ಆದ್ದರಿಂದ ಅವಳ ಹೊಣೆ ನಮ್ಮೆಲ್ಲರದು. ದಯವಿಟ್ಟು ಈಗಲೇ ಆ ಸರ್ಕಾರಕ್ಕೆ ಫೋನು ಮಾಡಿ, ನಾವೆಲ್ಲ ನೋಡುತ್ತಿದ್ದೇವೆ ಎಂದು ಹೇಳಿ. ಸಹಿಯ ಕೆಳಗೆ ತನ್ನ ಮನೆಯ ನಂಬರನ್ನೂ ಹಾಕಿ, ನಾಲ್ಕು ಗಂಟೆ ಮೂವತ್ತಾರು ನಿಮಿಷಕ್ಕೆ ಕಳಿಸಿದಳು.

ಉತ್ತರಗಳು ತಕ್ಷಣ ಬಂದವು. ಆಸೆಯಿಂದ ಮೊದಲನೆಯದನ್ನು ತೆರೆದಳು. ನಾನು ಕಚೇರಿಯಲ್ಲಿಲ್ಲ, ಸೋಮವಾರ ಬೆಳಿಗ್ಗೆ ಒಂಬತ್ತಕ್ಕೆ ಮರಳುತ್ತೇನೆ. ಎರಡನೆಯದೂ ಅದೇ. ಮೂರನೆಯದರಲ್ಲಿ ಒಂಬತ್ತೂವರೆ. ಇಪ್ಪತ್ತು ಭಾಷೆಗಳಲ್ಲಿ, ಬಹಳ ವಿನಯದಿಂದ, ಯಂತ್ರಗಳು ಒಂದೊಂದಾಗಿ ಅದನ್ನೇ ಹೇಳಿದವು. ಸ್ಪೀರೋನ ಹೆಸರಿನಿಂದ ಬಂದದ್ದೂ ಅದೇ. ಅಂಥವು ಇಪ್ಪತ್ತೆಂಟು ಬಂದವು.

ಇಪ್ಪತ್ತೊಂಬತ್ತನೆಯದು ಮಾತ್ರ ಮನುಷ್ಯನೊಬ್ಬ ಕೂತು ಬರೆದದ್ದು. ‘ಪತ್ರ ತಲುಪಿತು ಮೇಡಂ. ನಿಮ್ಮ ಕಾಳಜಿಯನ್ನು ಮಂತ್ರಿಗಳಿಗೆ ತಿಳಿಸುತ್ತೇನೆ. ಘಾಟಿಯಲ್ಲಿ ಇವತ್ತು ಮಂಜು ಜಾಸ್ತಿ.’

ಓಡೀಲ್ ಮತ್ತೆ ನೆವೆನಾಳ ನಂಬರು ಒತ್ತಿದಳು. ಸಿಗಲಿಲ್ಲ. ಇನ್ನೊಮ್ಮೆ ಒತ್ತಿದಳು. ಕೆಳಗಿನಿಂದ ಒಂದೊಂದೇ ಅಂತಸ್ತಿನ ದೀಪ ಆರಿಸುತ್ತ ಬಂದ ಕಾವಲಿನವನು ಅವಳ ಬಾಗಿಲಲ್ಲಿ ನಿಂತು, ಶುಕ್ರವಾರ ಐದಾಯಿತು ಮೇಡಂ, ಇನ್ನೂ ಹೊರಡಲಿಲ್ಲವೇ ಎಂದು ಕೇಳಿದ.